ನಾಲ್ಕು ಬೆರಳು ನೇಯ್ಗೆ

ಶಾಲೆಯಿಂದ ಸರ್ಕ್ಯುಲರ್ ಬಂತೆಂದರೆ ನನಗೆ ಮೈ ಉರಿಯುತ್ತಿತ್ತು. ಥರ್ಮಾಕೋಲ್ ತನ್ನಿ, ಗ್ಲಿಟರ್ ತನ್ನಿ, ನಾಳೆಯೇ ತನ್ನಿ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಆಗ ವಿಲ್ಲಾಗಳಿಗಿಂತ ಖಾಲಿ ಮರಳೇ ಹೆಚ್ಚು. ಒಂದು ವಿಲ್ಲಾಕ್ಕೆ ಅಡ್ಡಗೋಡೆ ಎಬ್ಬಿಸಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಮಹಡಿಯ ಮೇಲಿನ ಎರಡು ಕೋಣೆ ನಮ್ಮವು. ಒಂದು ಚಾರ್ಟ್ ಪೇಪರ್ ಬೇಕೆಂದರೂ ನನ್ನ ಗಂಡ ಸೈಟಿನಿಂದ ಬಂದು, ಮುಖದ ಧೂಳು ತೊಳೆದು, ಮತ್ತೆ ಕಾರು ತೆಗೆದು ಪಕ್ಕದ ಊರು ಬನಿಯಾಸ್‌ಗೆ ಹೋಗಬೇಕು. ಹೋಗುವಾಗ ಅವರ ಗೊಣಗಾಟ, ತಂದ ಬಣ್ಣ ಸರಿಯಿಲ್ಲವೆಂದು ಆಮೇಲೆ ನನ್ನ ಗೊಣಗಾಟ. ಈಗ ಹುಬ್ಬಳ್ಳಿಯಲ್ಲಿ ಕೂತು ಆ ಗೊಣಗಾಟವನ್ನೂ ಆಸೆಪಟ್ಟು ನೆನೆಸಿಕೊಳ್ಳುತ್ತೇನೆ.

ಪ್ರಾಜೆಕ್ಟ್ ಮಾಡುತ್ತಿದ್ದವರು ಮಕ್ಕಳಲ್ಲ ಬಿಡಿ, ನಾವು. ಒಬ್ಬ ಹುಡುಗನ ತಂದೆ ಆರ್ಕಿಟೆಕ್ಟ್; ಅವರು ಕೆಂಪುಕೋಟೆ ಮಾಡಿ ಒಳಗೆ ಬಲ್ಬು ಉರಿಸಿ ಕಳಿಸಿದ್ದರು. ನಾನೇನು ಕಮ್ಮಿಯೇ? ಮಗಳು ಐದನೇ ತರಗತಿಯಲ್ಲಿದ್ದಾಗ ಜ್ವಾಲಾಮುಖಿ ಮಾಡಿದವಳು ನಾನು. ಅವಳು ಪಕ್ಕದಲ್ಲಿ ನಿಂತು ಫೆವಿಕಾಲ್ ಡಬ್ಬಿ ಹಿಡಿದಿದ್ದಳು, ಅಷ್ಟೆ. ಎ ಪ್ಲಸ್ ಬಂದಾಗ ನಾಲ್ಕು ಮನೆಗೂ ಕೇಸರಿಬಾತು ಹಂಚಿದ್ದೆ. ಆ ದಿನ ಅವಳ ಮುಖ ಯಾಕೆ ಸಪ್ಪಗಿತ್ತು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವಳು ಏಳನೆಯದಕ್ಕೆ ಬಂದಾಗ ಸಮಾಜ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ಮೈಸೂರು ಕಡೆಯವರು, ಸಣ್ಣ ದನಿ, ಆದರೆ ಹಟ ದೊಡ್ಡದು. ಮಧ್ಯಯುಗದ ಕಸುಬುದಾರರ ಸಂಘಗಳ ಪಾಠ ಬಂತು. ಯುರೋಪಿನ ಊರುಗಳಲ್ಲಿ ಬಡಗಿಗಳದ್ದೊಂದು, ನೇಕಾರರದ್ದೊಂದು, ರೊಟ್ಟಿ ಸುಡುವವರದ್ದೊಂದು ಸಂಘ, ಗಿಲ್ಡ್ ಅನ್ನುತ್ತಿದ್ದರಂತೆ. ನಮ್ಮ ಕಡೆಯೂ ಅಂಥವೇ ಇದ್ದವು, ಶ್ರೇಣಿ ಎಂದು ಹೆಸರು, ಎಣ್ಣೆ ಗಾಣದವರೂ ನೇಕಾರರೂ ಗುಡಿಗೆ ದಾನ ಕೊಟ್ಟು ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಮಕ್ಕಳು ಇದನ್ನೆಲ್ಲ ಉರುಹೊಡೆದು ಪರೀಕ್ಷೆಯಲ್ಲಿ ಕಕ್ಕುವುದು ಬೇಡ, ತರಗತಿಯೇ ಸಂಘವಾಗಲಿ ಎಂದು ಅವರು ತೀರ್ಮಾನಿಸಿದರು. ತಂದೆತಾಯಿಯರನ್ನು ಕರೆಸಿ ಕಟ್ಟಳೆಗಳನ್ನು ಓದಿ ಹೇಳಿದರು.

ಪ್ರತಿ ಮಗುವೂ ಕೈಕೆಲಸ ಬಲ್ಲ ಒಬ್ಬರನ್ನು ಗುರುವಾಗಿ ಹಿಡಿಯಬೇಕು. ಆರು ವಾರ ಕಲಿತು ಒಂದು ವಸ್ತು ಮಾಡಬೇಕು. ಹೊರಗಿನ ಕಸುಬುದಾರರು ಬಂದು ನೋಡುತ್ತಾರೆ. ಅವರು ಒಪ್ಪಿದರೆ ಮಗು ಸಂಘದ ಪಟ್ಟಿಯಲ್ಲಿ ತನ್ನ ಕೈಯಿಂದಲೇ ಹೆಸರು ಬರೆಯಬಹುದು. ಪಟ್ಟಿಯನ್ನು ಮಕ್ಕಳು ಆಗಲೇ ತಯಾರು ಮಾಡಿದ್ದರು. ಬಿಳಿ ಚಾರ್ಟಿಗೆ ಚಹಾದ ಡಿಕಾಕ್ಷನ್ ಬಳಿದು ಹಳದಿ ಮಾಡಿ, ಅಂಚನ್ನು ಮೇಣದಬತ್ತಿಯಿಂದ ಸುಟ್ಟು ಹಳೆಯದರ ಹಾಗೆ ಕಾಣುವಂತೆ ಮಾಡಿದ್ದರು. ತಕರಾರು ಬಂದರೆ ತೀರ್ಪು ಕೊಡಲು ಐದು ಮಕ್ಕಳ ಪಂಚಾಯಿತಿಯೂ ಇತ್ತು.

"ಒಂದು ಮುಖ್ಯವಾದ ವಿಷಯ," ಎಂದರು ಟೀಚರ್. "ಗುರು ಬಾಯಲ್ಲಿ ಹೇಳಬಹುದು. ಬೇರೆ ತುಂಡಿನ ಮೇಲೆ ಮಾಡಿ ತೋರಿಸಬಹುದು. ಆದರೆ ಮಗುವಿನ ಕೆಲಸವನ್ನ ಮುಟ್ಟೋ ಹಾಗಿಲ್ಲ. ಆ ಕಾಲದಲ್ಲೂ ಮುಟ್ಟುತ್ತಿರಲಿಲ್ಲ. ದಯವಿಟ್ಟು."

'ದಯವಿಟ್ಟು' ಅನ್ನುವಾಗ ಅವರು ನಮ್ಮ ಅಮ್ಮಂದಿರ ಸಾಲನ್ನೇ ನೋಡುತ್ತಿದ್ದರು. ಆರ್ಕಿಟೆಕ್ಟರ ಹೆಂಡತಿ ಸೀರೆಯ ನೆರಿಗೆ ಸರಿಮಾಡಿಕೊಂಡರು.

ಅವತ್ತು ಬಸ್ಸಿಳಿದು ಬಂದ ಮಗಳು ಬ್ಯಾಗು ಸಹ ಇಳಿಸಲಿಲ್ಲ. "ಮಮ್ಮಿ, ನಾ ವೀವರ್ಸ್ ಗಿಲ್ಡ್ ತಗೊಂಡೀನಿ. ನೀ ನನಗ ಕಲಿಸ್ತಿ."

ನಾನು ಗುಳೇದಗುಡ್ಡದವಳು, ಖಣ ನೇಯುವವರ ಮನೆಯಲ್ಲಿ ಹುಟ್ಟಿದವಳು. ಕುಪ್ಪಸದ ಬಟ್ಟೆಗೆ ನಮ್ಮ ಕಡೆ ಖಣ ಅನ್ನುತ್ತೇವೆ. ಮದುವೆಯಾಗುವವರೆಗೆ ಅಪ್ಪನ ಮಗ್ಗದಲ್ಲಿ ಕೂತಿದ್ದೇನೆ. ಹಾಸಿನ ಎಳೆ ಕಡಿದರೆ ಕಣ್ಣು ಮುಚ್ಚಿ ಗಂಟು ಹಾಕುತ್ತಿದ್ದೆ. ಆದರೆ ಎಂಜಿನಿಯರನ ಹೆಂಡತಿಯಾಗಿ ಗಲ್ಫಿಗೆ ಬಂದ ಮೇಲೆ ಆ ಮಾತನ್ನು ನಾನಾಗಿ ಎಲ್ಲೂ ಎತ್ತಿರಲಿಲ್ಲ. ಮಗಳಿಗೆ ಒಂದೆರಡು ಸಲ ಹೇಳಿದ್ದೆ, ಅಷ್ಟೆ. ಅವಳು ಅದನ್ನು ಇಟ್ಟುಕೊಂಡಿದ್ದಾಳೆ ಎಂದು ಗೊತ್ತಾದಾಗ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಒಂದ ಮಾತ ಮಮ್ಮಿ," ಎಂದಳು. "ಕ್ಲಾಸಿನಾಗ ಎಲ್ಲಾರೂ ನನಗ 'ಯುವರ್ ಮಮ್ಮಿ ಡಸ್ ಎವೆರಿಥಿಂಗ್' ಅಂತಾರ. ಈ ಸಲ ನನ್ನ ಹೆಸರು ನಾನ ಬರೀಬೇಕು. ನೀ ಮುಟ್ಟಬ್ಯಾಡ. ಪ್ರಾಮಿಸ್?"

"ಆತವಾ, ಪ್ರಾಮಿಸ್," ಎಂದೆ.

ಗಂಡ ಖಲೀಫಾ ಸಿಟಿಯ ಸೈಟಿನಿಂದ ಶಟರಿಂಗಿನ ನಾಲ್ಕು ತುಂಡು ಕಟ್ಟಿಗೆ ತಂದು ಚೌಕಟ್ಟು ಹೊಡೆದರು. ಮೇಲೆ ಕೆಳಗೆ ಒತ್ತೊತ್ತಾಗಿ ಮೊಳೆ. ಮೊಳೆಯಿಂದ ಮೊಳೆಗೆ ಉದ್ದಕ್ಕೆ ಎಳೆದದ್ದು ಹಾಸು. ಅದರೊಳಗೆ ಅಡ್ಡ ಹಾಯಿಸುವ ದಾರ ಹೊಕ್ಕು. ಲಾಳಿಯ ಬದಲು ಫುಟ್‌ಪಟ್ಟಿ, ದಾರವನ್ನು ಬಡಿದು ಕೂರಿಸಲು ನನ್ನ ದೊಡ್ಡ ಹಲ್ಲಿನ ಬಾಚಣಿಗೆ. ನನಗೊಂದು ಚಿಕ್ಕ ಚೌಕಟ್ಟು, ತೋರಿಸಿಕೊಡಲು. ಮುಂದಿನ ಕೋಣೆಯಲ್ಲಿ ಎಸಿಯ ಕೆಳಗೆ ಚಾಪೆ ಹಾಸಿ ಇಬ್ಬರೂ ಕೂರುತ್ತಿದ್ದೆವು. ಶಾಲೆಯ ಬಸ್ಸು ಎರಡೂವರೆಗೆ ಬಿಟ್ಟು ಹೋದರೆ ಇಳಿಹೊತ್ತಿನ ಅಸರ್ ನಮಾಜಿನ ಕೂಗು ಮುಗಿಯುವವರೆಗೂ ಅದೇ ಕೆಲಸ. ನನ್ನ ಜೀವನದಲ್ಲಿ ಮಗಳ ಜೊತೆ ಅಷ್ಟು ಹೊತ್ತು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತದ್ದು ಆ ಆರು ವಾರ ಮಾತ್ರ. ಈಗ ಅವಳು ದೊಡ್ಡವಳಾಗಿ ತನ್ನ ಪಾಡಿಗೆ ತಾನಿದ್ದಾಳೆ. ಆ ಚಾಪೆಯ ಮೇಲಿನ ಮಧ್ಯಾಹ್ನಗಳನ್ನು ನಾನು ಒಂದೊಂದಾಗಿ ನೆನೆಯುತ್ತೇನೆ.

ಹಾಗೆಂದು ನಾನೇನು ಒಳ್ಳೆಯ ಗುರುವಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಅಯ್ಯ ಶಿವನ, ಎಳಿ ಬಿಟ್ಟಿ ನೋಡು! ಕಣ್ಣ ಎಲ್ಲಿ ಇಟ್ಟೀ?" ಎಂದು ಕೂಗುತ್ತಿದ್ದೆ. ಅವಳ ದಡಿ ಒಳಗೊಳಗೆ ಸರಿಯುತ್ತಿತ್ತು, ಅಂದರೆ ಅಡ್ಡದಾರ ಬಿಗಿಯಾಗಿ ಎಳೆದು ಬಟ್ಟೆಯ ಅಂಚು ಸೊಂಟ ಹಿಂಡಿದಂತಾಗುತ್ತಿತ್ತು. ನನ್ನ ಕೈ ತುರಿಸುತ್ತಿತ್ತು. "ಪ್ರಾಮಿಸ್," ಎನ್ನುತ್ತಿದ್ದಳು ತಲೆ ಎತ್ತದೆ. ನಾನು ಕೈ ಹಿಂದೆ ತೆಗೆಯುತ್ತಿದ್ದೆ. ಒಂದು ಗೇಣು ನೇಯ್ದಿದ್ದಳು, ಹಸಿರು ಮೈ, ಕೆಂಪು ದಡಿ. ಮೊದಮೊದಲಿಗೆ ಕೆಟ್ಟದಾಗಿತ್ತು, ನಡುವೆ ಸುಧಾರಿಸಿತು, ಕೊನೆಯ ನಾಲ್ಕು ಬೆರಳಿಗೆ ಬಂದಾಗ ಅವಸರ ಮಾಡಿ ಮತ್ತೆ ಕೆಡಿಸಿದಳು. ಆದರೂ ಅವಳಿಗೆ ಅದು ಚಂದ ಕಾಣುತ್ತಿತ್ತು. ಪರೀಕ್ಷೆಗೆ ಚೌಕಟ್ಟಿನ ಸಮೇತ ತರಬೇಕೆಂದಿದ್ದರಿಂದ ಹಾಗೇ ಗೋಡೆಗೆ ಒರಗಿಸಿಟ್ಟು ಶಾಲೆಗೆ ಹೋದಳು.

ಆ ಬೆಳಿಗ್ಗೆ ಕೆಳಗಿನ ಮನೆಯ ಮಂಗಳೂರಿನ ಅಕ್ಕ ಮೇಲೆ ಬಂದರು. ಅವರ ಮಗನೂ ಅದೇ ತರಗತಿ, ಬಡಗಿಗಳ ಸಂಘ. "ನಮ್ಮವನ ಸ್ಟೂಲು ನೋಡ್ಲಿಕ್ಕೆ ಬನ್ನಿ ಮಾರಾಯ್ರೆ," ಎಂದು ಕರೆದೊಯ್ದರು. ಅಬ್ಬಬ್ಬಾ! ಪಾಲಿಶ್ ಮಾಡಿದ ಕಾಲು, ಒಂದು ಮೊಳೆ ಕಾಣಿಸುತ್ತಿಲ್ಲ. "ಇಡೀ ಅವನೇ ಮಾಡಿದ್ದು ಗೊತ್ತುಂಟಾ," ಎಂದರು. ಅವರ ಯಜಮಾನರು ಮರಗೆಲಸದ ಜಾಯಿನರಿ ಫ್ಯಾಕ್ಟರಿಯಲ್ಲಿ ಮ್ಯಾನೇಜರ್. ನಾನು ನಕ್ಕು, ಚಹಾ ಕುಡಿದು, ಮೆಟ್ಟಿಲು ಹತ್ತಿ ಬಂದವಳು ನೇರ ಗೋಡೆಯ ಹತ್ತಿರ ಹೋದೆ.

ಚೌಕಟ್ಟನ್ನು ಚಾಪೆಯ ಮೇಲೆ ಮಲಗಿಸಿದೆ. ಸುಮ್ಮನೆ ನೋಡುತ್ತೇನೆ ಎಂದೇ ಕೂತದ್ದು. ಬಿಟ್ಟುಹೋದ ಒಂದು ಎಳೆ ಕಂಡಿತು, ಬಿಚ್ಚಿದೆ. ಅದರ ಕೆಳಗೆ ಇನ್ನೊಂದು. ನಾಲ್ಕು ಬೆರಳಷ್ಟು ಬಿಚ್ಚಿ ಕೆಳಗಿಟ್ಟ ಮೇಲೆ ಮತ್ತೆ ತುಂಬದೆ ಬಿಡುವಂತಿರಲಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಕೈ ತಾನಾಗಿಯೇ ಓಡಿತು. ಆ ಅರ್ಧ ತಾಸಿನಲ್ಲಿ ನನಗೆ ಮಗಳೂ ನೆನಪಿರಲಿಲ್ಲ, ಪ್ರಾಮಿಸ್ಸೂ ನೆನಪಿರಲಿಲ್ಲ. ನೇಯುವ ಸುಖವೊಂದೇ ಇತ್ತು.

ಮಧ್ಯಾಹ್ನ ಅವಳು ಬಂದು ಚೌಕಟ್ಟು ಎತ್ತಿ ನೋಡಿದಳು. "ಮಮ್ಮಿ, ಲಾಸ್ಟಿಗೆ ಎಷ್ಟ ನೀಟ ಬಂದೈತಿ ನೋಡು! ನಿನ್ನೆ ನನಗ ಗೊತ್ತ ಆಗಿದ್ದಿಲ್ಲ," ಎಂದು ಕುಣಿದಳು. ಆಗಲಾದರೂ ಹೇಳಬಹುದಿತ್ತು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಮರುದಿನ ಶಾಲೆಯ ಹಾಲಿನಲ್ಲಿ ಪರೀಕ್ಷೆ. ಗೋಡೆಯುದ್ದಕ್ಕೂ ನಾವು ಅಮ್ಮಂದಿರು, ಮಂಗಳೂರಿನ ಅಕ್ಕ ನನ್ನ ಪಕ್ಕದಲ್ಲೇ. ಟೀಚರ್ ಕರೆಸಿದವರು ಮೂವರು: ಒಬ್ಬ ಬಡಗಿ, ಖುಬೂಸ್ ರೊಟ್ಟಿ ಸುಡುವ ಅಂಗಡಿಯವನೊಬ್ಬ, ಬಂದರಿನ ಹತ್ತಿರದ ಕಾರ್ಪೆಟ್ ಅಂಗಡಿ ಸಾಲಿನಲ್ಲಿ ಹರಿದ ಜಮಖಾನೆ ಸರಿಮಾಡುವ ಮುದುಕ ಪಠಾಣ. ಮುದುಕ ನನ್ನ ಮಗಳ ಚೌಕಟ್ಟನ್ನು ತೆಗೆದುಕೊಂಡು ಮೊದಲು ಹಿಂಬದಿ ತಿರುಗಿಸಿದ. ಬಟ್ಟೆ ಬಲ್ಲವರು ಮುಂಬದಿ ನೋಡುವುದಿಲ್ಲ. ಬೆರಳಿನಿಂದ ಮೆಲ್ಲಗೆ ಸವರುತ್ತ ಬಂದು ಒಂದು ಕಡೆ ನಿಲ್ಲಿಸಿದ.

"ಬೇಟಿ, ಯಹಾಂ ತಕ್ ತೇರಾ ಹಾಥ್ ಹೈ. ಯಹಾಂ ಸೆ ದೂಸ್ರಾ ಹಾಥ್." ಇಲ್ಲಿಯವರೆಗೆ ನಿನ್ನ ಕೈ, ಇಲ್ಲಿಂದ ಬೇರೆಯವರದು.

"ನೋ ಅಂಕಲ್, ಸಬ್ ಮೈನೆ ಕಿಯಾ," ಎಂದಳು ಮಗಳು. ಎಲ್ಲ ನಾನೇ ಮಾಡಿದ್ದು, ಎಂದು. ಅವಳಿಗೆ ಅದೇ ನಿಜ. ಮುದುಕ ಕೋಪಿಸಿಕೊಳ್ಳಲಿಲ್ಲ. ಅವಳ ಬೆರಳು ಹಿಡಿದು ಎರಡೂ ಕಡೆ ಮುಟ್ಟಿಸಿದ. ಒಂದು ಕಡೆ ದಾರ ಬಿಗಿ, ಇನ್ನೊಂದು ಕಡೆ ಹದ. ಅವಳು ಬಟ್ಟೆ ನೋಡಿದಳು. ಆಮೇಲೆ ತಲೆ ಎತ್ತಿ ಹಾಲಿನ ಈ ತುದಿಗೆ, ನನ್ನ ಕಡೆ ನೋಡಿದಳು.

ನಾನು ಪರ್ಸಿನ ಜಿಪ್ಪು ಎಳೆಯುತ್ತ ಕೂತೆ. ಹೌದು, ಹಾಗೇ ಕೂತೆ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲಿ ಮಂಗಳೂರಿನ ಅಕ್ಕ ನನ್ನನ್ನೇ ನೋಡುತ್ತಿದ್ದರು, ಆರ್ಕಿಟೆಕ್ಟರ ಹೆಂಡತಿ ಕತ್ತು ಚಾಚಿದ್ದರು.

"ಸಾರಿ ಅಂಕಲ್," ಎಂದಳು ಮಗಳು. "ಮೈನೆ ಹೀ ಮಮ್ಮಿ ಕೋ ಬೋಲಾ ಥಾ." ನಾನೇ ಅಮ್ಮನಿಗೆ ಮಾಡಿಕೊಡು ಎಂದು ಹೇಳಿದ್ದೆ, ಎಂದು.

ಟೀಚರ್ ಮುಖ ಬಾಡಿತು. ನಿಯಮ ನಿಯಮವೇ. ಆ ದಿನ ನೇಕಾರರ ಪಟ್ಟಿಯಲ್ಲಿ ನಾಲ್ಕು ಮಕ್ಕಳು ಹೆಸರು ಬರೆದರು. ನನ್ನ ಮಗಳಿಗೆ ಪೆನ್ನು ಕೊಡಲಿಲ್ಲ. ಕೆಳಗಿನ ಮನೆಯ ಹುಡುಗನ ಸ್ಟೂಲನ್ನು ಬಡಗಿ ಎತ್ತಿ ನೋಡಿ, "ನಿನ್ನಪ್ಪ ಚೆನ್ನಾಗಿ ಮಾಡಿದ್ದಾನೆ," ಎಂದು ಹಿಂದಿಯಲ್ಲಿ ಹೇಳಿ ಕೆಳಗಿಟ್ಟ. ಅದನ್ನು ಕೇಳಿಯೂ ನನಗೆ ಸಮಾಧಾನವಾಗಲಿಲ್ಲ.

ಮನೆಗೆ ಬಂದ ಮಗಳು ಚೌಕಟ್ಟನ್ನು ಬಾಗಿಲ ಹಿಂದೆ ಇಟ್ಟಳು. ಅಳಲಿಲ್ಲ, ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಕೂಗಿ ಹಗುರಾಗುತ್ತಿದ್ದೆ. ಆ ವಾರದ ರಜೆಯ ಎರಡು ದಿನವೂ ಕೇಳಿದ್ದಕ್ಕಷ್ಟೇ ಉತ್ತರ. "ರೊಟ್ಟಿ ಹಾಕ್ಲಿ?" "ಹ್ಞೂಂ." "ಚಾಪಿ ಹಾಸ್ಲಿ?" "ಬ್ಯಾಡ."

ಗಂಡನಿಗೆ ಎಲ್ಲ ಹೇಳಿದೆ. "ಮಾಡಿಕೊಡು ಅಂತ ಅಕಿ ಕೇಳಿದ್ಲೇನು?" ಎಂದರು.

"ಇಲ್ರಿ. ಅಕಿ ಮುಟ್ಟಬ್ಯಾಡ ಅಂದಿದ್ಲು."

"ಹಂಗಾರ ಎಲ್ಲಾರ ಮುಂದ ಅಕಿ ಕಳ್ಳಿ ಆದ್ಲು, ನೀ ಕೂತ ನೋಡಿದಿ." ಅಷ್ಟು ಹೇಳಿ ಎದ್ದರು. ಅವರು ನನಗೆ ಎದುರು ಮಾತಾಡುವವರೇ ಅಲ್ಲ.

ರಜೆ ಮುಗಿದ ದಿನ ಗಂಡನ ಕಾರಿನಲ್ಲಿ ಶಾಲೆಗೆ ಹೋದೆ, ಚೌಕಟ್ಟು ತೊಡೆಯ ಮೇಲಿಟ್ಟುಕೊಂಡು. ಟೀಚರ್ ಎದುರು ನಿಂತು ಹೇಳಿಬಿಟ್ಟೆ. ಅವರು ಸಮಾಧಾನ ಹೇಳುತ್ತಾರೆಂದು ತಿಳಿದಿದ್ದೆ. "ನನಗೆ ಹೇಳಿದರೆ ಆಗಲಿಲ್ಲ ಕಣ್ರೀ," ಎಂದರು. "ಸಂಘದ ವಿಷಯ. ಪಂಚಾಯಿತಿ ಮುಂದೆ ಹೇಳಿ."

ಐದು ಮಕ್ಕಳು ಎರಡು ಬೆಂಚು ಜೋಡಿಸಿ ಕೂತರು. ಕನ್ನಡಕದ ಹುಡುಗನೊಬ್ಬ ಮುಖ್ಯಸ್ಥ. "ಆಂಟಿ, ಗಿಲ್ಟಿ ಆರ್ ನಾಟ್ ಗಿಲ್ಟಿ?" ಎಂದ. ಬೇರೆ ದಿನವಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಮೂವತ್ತು ಮಕ್ಕಳ ಎದುರು ಕೈಕಟ್ಟಿ ನಿಂತು, "ಗಿಲ್ಟಿ," ಎಂದೆ. ಅವಳು ಕೇಳಿರಲಿಲ್ಲ, ಮುಟ್ಟಬೇಡ ಎಂದಿದ್ದಳು, ನಾನೇ ಕದ್ದು ಮಾಡಿದೆ ಎಂದೂ ಹೇಳಿದೆ.

"ನಿಮ್ಮೂರಲ್ಲಿ ಇಂಥಾದ್ದಕ್ಕೆ ಏನು ಮಾಡ್ತಿದ್ರು ಆಂಟಿ?" ಎಂದು ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಕೇಳಿದಳು. ನಾನು ನೇಕಾರರ ಮನೆಯವಳೆಂದು ಮಗಳು ಅವರಿಗೆಲ್ಲ ಹೇಳಿದ್ದಳು. ನಮ್ಮ ಓಣಿಯಲ್ಲಿ ಮಕ್ಕಳು ನೇಯ್ದ ಮೊದಲ ಖಣವನ್ನು ಮನೆಯವರು ನೋಡುತ್ತಲೇ ಇರಲಿಲ್ಲ, ನಾಲ್ಕು ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು ಎಂದೆ. ನನ್ನ ಮೊದಲ ಖಣವನ್ನು ಒಪ್ಪದೆ ವಾಪಸು ಕೊಟ್ಟದ್ದನ್ನೂ ಹೇಳಿದೆ. ಮಕ್ಕಳು ಬಾಯಿಬಿಟ್ಟು ಕೇಳಿದರು. ಟೀಚರ್ ಪುಸ್ತಕ ಮುಚ್ಚಿಟ್ಟರು. ಅವತ್ತಿನ ಪಾಠ ಅದೇ ಆಯಿತು.

ಶಿಕ್ಷೆಯ ಚರ್ಚೆ ಜೋರಾಗಿಯೇ ನಡೆಯಿತು. ಒಬ್ಬನಿಗೆ ನನ್ನನ್ನು ಸಂಘದಿಂದ ಬಹಿಷ್ಕಾರ ಹಾಕಬೇಕು. ಇನ್ನೊಬ್ಬನಿಗೆ ಇಡೀ ತರಗತಿಗೆ ಸಮೋಸ ಬೇಕು. ಕೊನೆಗೆ ಮುಖ್ಯಸ್ಥ ನನ್ನ ಮಗಳನ್ನು ಎಬ್ಬಿಸಿದ. "ನೀನು ಯಾಕೆ ಸುಳ್ಳು ಹೇಳಿದೆ?"

ಅವಳು ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಎಲ್ಲಾ ಆಂಟಿಗಳು ಇದ್ರಲ್ಲ," ಎಂದಳು. "ಅವರ ಮುಂದ ಮಮ್ಮಿಗೆ ಶೇಮ್ ಆಗ್ತಿತ್ತು."

ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಹನ್ನೆರಡು ವರ್ಷದ ಮಗು ತನ್ನ ಹೆಸರು ಬಿಟ್ಟುಕೊಟ್ಟು ನನ್ನ ಮಾನ ಕಾಯ್ದಿತ್ತು. ನಾನು ಅವಳದನ್ನು ಕಾಯಲಿಲ್ಲ. ಅಷ್ಟು ಮಕ್ಕಳ ಎದುರು ಸೆರಗಿನಿಂದ ಕಣ್ಣೊರೆಸಿಕೊಂಡೆ. ಸಮೋಸ ಕೇಳಿದ ಹುಡುಗ ಪಾಪ, "ಇಟ್ಸ್ ಓಕೆ ಆಂಟಿ, ಸಮೋಸ ಬೇಡ," ಎಂದುಬಿಟ್ಟ.

"ನಿನ್ನ ಪ್ರಕಾರ ಏನು ಶಿಕ್ಷೆ?" ಎಂದು ಮುಖ್ಯಸ್ಥ ಅವಳನ್ನೇ ಕೇಳಿದ.

"ಮಮ್ಮಿ ನೇಯ್ದದ್ದು ಮಮ್ಮೀನ ಬಿಚ್ಚಬೇಕು. ಆಮ್ಯಾಗ ನಾ ನೇಯ್ತೀನಿ."

ಬಿಚ್ಚಿದೆ. ಎಲ್ಲರೂ ಸುತ್ತ ನಿಂತಿದ್ದರು. ನನ್ನ ಕೈ ನೇಯ್ದದ್ದು ಎಷ್ಟು ಚೊಕ್ಕವಾಗಿತ್ತೆಂದು ಬಿಚ್ಚುವಾಗ ಗೊತ್ತಾಯಿತು, ಜೀವ ಚುರುಕ್ ಎಂದಿತು. "ಸಾವಕಾಶ. ನನ್ನ ಎಳಿ ಹರೀಬ್ಯಾಡ," ಎಂದಳು ಮಗಳು. ಗುರುವಾದವರು ಎದುರು ಕೂತಿರಬೇಕು, ಮಾತಾಡಬಹುದು, ಮುಟ್ಟುವಂತಿಲ್ಲ ಎಂದು ಪಂಚಾಯಿತಿ ತೀರ್ಪು ಕೊಟ್ಟಿತು. ಮೂರು ದಿನ ಊಟದ ಬಿಡುವಿನಲ್ಲಿ ನಾನು ಟ್ಯಾಕ್ಸಿ ಹಿಡಿದು ಹೋಗಿ ಆ ಖಾಲಿ ಹಾಲಿನಲ್ಲಿ ಅವಳ ಎದುರು ಕೂತೆ. ಮುದುಕ ಪಠಾಣ ಮುಂದಿನ ವಾರ ಮತ್ತೆ ಬಂದು ನೋಡಿ ಒಪ್ಪಿದ. ಅವಳ ಹೆಸರು ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ, ಅವಳದೇ ಅಕ್ಷರದಲ್ಲಿ ಬಿತ್ತು. ಅದು ನಡೆದಾಗ ನಾನು ಅಲ್ಲಿರಲಿಲ್ಲ, ಅವಳು ಬಂದು ಹೇಳಿದ್ದಷ್ಟೇ.

ನಾನು ಕಣ್ಣಾರೆ ಕಂಡದ್ದು ಆ ಮೂರು ದಿನ. ಮೊದಲ ದಿನ ಅವಳು ಒಂದು ಮಾತೂ ಆಡಲಿಲ್ಲ. ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ದಡಿ ಮತ್ತೆ ಒಳಗೆ ಸರಿಯತೊಡಗಿತು. ನಾನು ನೋಡುತ್ತಿದ್ದೆ, ಹಲ್ಲು ಕಚ್ಚಿಕೊಂಡಿದ್ದೆ. ಅವಳೂ ನೋಡಿದಳು. ಫುಟ್‌ಪಟ್ಟಿ ಕೆಳಗಿಟ್ಟಳು.

"ಮಮ್ಮಿ, ಮತ್ತ ಒಳಗ ಬರಾಕತ್ತೈತಿ. ಏನ ಮಾಡ್ಲಿ?"

ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಮೆತ್ತಗಿತ್ತು. "ದಾರ ಜಗ್ಗಬ್ಯಾಡವಾ. ನಡುವ ಸ್ವಲ್ಪ ಡೊಂಕ ಬಿಡು. ಆಮ್ಯಾಗ ಬಾಚಣಕಿ ಹೊಡಿ."

"ಹಿಂಗ?"

"ಹ್ಞೂಂ. ಹಂಗ."

ಅವಳು ಮತ್ತೊಂದು ಸಾಲು ಹಾಕಿದಳು. ದಡಿ ಒಳಗೇ ಸರಿಯಿತು, ಆದರೆ ಮೊದಲಿನಷ್ಟಲ್ಲ. ಹೊರಗೆ ಮಕ್ಕಳ ಗದ್ದಲ ಕಡಿಮೆಯಾಗುತ್ತಿತ್ತು, ನಾನು ಪರ್ಸು ಎತ್ತಿಕೊಂಡೆ.

"ನೀ ಹೋಗಬ್ಯಾಡ," ಎಂದಳು, ತಲೆ ಎತ್ತದೆ. "ಇಲ್ಲೇ ಕೂಡು."

ಗಂಟೆ ಹೊಡೆಯುವವರೆಗೂ ನಾನು ಅಲ್ಲೇ ಕೂತಿದ್ದೆ.